43 ಸೆಕೆಂಡು

ಹೆಣ್ಣು ನೋಡೋಕೆ ಬಂದಿದ್ದವರು "ಏನ್ ಕೆಲಸಾಮ್ಮ ನಿಂದು?" ಅಂತ ಕೇಳಿದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. "ಬೆಂಕಿ ಹಚ್ತೀನಿ." ಅಡುಗೆಮನೆಯಿಂದ ಅಮ್ಮ ಜೋರಾಗಿ ಕೆಮ್ಮಿದಳು. ಆ ಸಂಬಂಧ ಕುದುರಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಂಗಳೂರಿನ ಅಂಚಿನಲ್ಲಿರುವ ಒಂದು ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತೇನೆ. ಕಂಪನಿಗಳು ಕಳಿಸೋ ಪುಡಿ, ಹರಳು, ಪೇಸ್ಟುಗಳಿಗೆ ಬೆಂಕಿ ಹಚ್ಚಿ, ಅದು ಎಷ್ಟು ಬೇಗ ಹರಡುತ್ತೆ ಅಂತ ಅಳೆಯೋದು ನನ್ನ ಪಾಲಿನ ಕೆಲಸ. ಇದೇನೂ ದೂರದ ವಿಷಯವಲ್ಲ. ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆಯದೊಂದು ಪಟ್ಟಿಯಿದೆ. ಅದರಲ್ಲಿ ಸಿಂಥೆಟಿಕ್ ಕರ್ಪೂರದ ನಂಬರು 2717. ಬೀರುವಿನಲ್ಲಿಡುವ ನುಸಿಗುಳಿಗೆಯ ನ್ಯಾಫ್ತಲೀನ್ 1334. ಗಂಧಕ 1350, ಬೆಂಕಿಪೊಟ್ಟಣದ ಕಡ್ಡಿ 1944. ನಾಲ್ಕೂ 4.1 ಅನ್ನೋ ಒಂದೇ ವರ್ಗಕ್ಕೆ ಸೇರಿದವು: ಸುಲಭವಾಗಿ ಹೊತ್ತಿಕೊಳ್ಳುವ ಘನವಸ್ತುಗಳು. ದೇವರಮನೆಯ ಡಬ್ಬಿಯಲ್ಲಿ ಸುಮ್ಮನೆ ಕೂತಿರೋ ಕರ್ಪೂರ ಲಾರಿ ಹತ್ತಿದರೆ, ಕೆಂಪು ಬಿಳಿ ಪಟ್ಟೆಯ ಮೇಲೆ ಜ್ವಾಲೆಯ ಚಿತ್ರವಿರುವ ಲೇಬಲ್ ಹೊತ್ತುಕೊಂಡೇ ಹೋಗಬೇಕು.

ಆದರೆ ಹೊಸ ಹೊಸ ಪುಡಿಗಳಿಗೆಲ್ಲ ಪಟ್ಟಿಯಲ್ಲಿ ಹೆಸರಿರೋದಿಲ್ಲ. ಸುಟ್ಟೇ ನೋಡಬೇಕು. ಅದಕ್ಕೆ ವಿಶ್ವಸಂಸ್ಥೆಯ ಕೈಪಿಡಿಯಲ್ಲಿ ಎನ್.1 ಅನ್ನೋ ಪರೀಕ್ಷೆಯಿದೆ. ಹೆಸರು ಕೇಳಿ ಏನೋ ದೊಡ್ಡ ಯಂತ್ರ ಅಂದ್ಕೋಬೇಡಿ, ಒಂದು ಅಚ್ಚು, ಒಂದು ಬರ್ನರ್, ಒಂದು ಸ್ಟಾಪ್‌ವಾಚ್, ಅಷ್ಟೇ.

ಮೊದಲು 25 ಸೆಂಟಿಮೀಟರ್ ಉದ್ದಕ್ಕೆ ಪುಡಿಯನ್ನು ರಂಗೋಲಿ ಎಳೆಯ ಹಾಗೆ ಸುರಿದು ಒಂದು ತುದಿಗೆ ಬೆಂಕಿ ತೋರಿಸಬೇಕು. ಎರಡು ನಿಮಿಷದಲ್ಲಿ ಬೆಂಕಿ 20 ಸೆಂಟಿಮೀಟರ್ ದಾಟದಿದ್ದರೆ ಅಲ್ಲಿಗೆ ಮುಗೀತು, ಅದು 4.1 ಅಲ್ಲ. ದಾಟಿದರೆ ಅಸಲಿ ಪರೀಕ್ಷೆ. ಈಗ ತ್ರಿಕೋನಾಕಾರದ ಅಚ್ಚು ಬರುತ್ತದೆ, ಟೋಬ್ಲರೋನ್ ಚಾಕೊಲೇಟಿನ ಡಬ್ಬಿ ನೆನಪಿಸಿಕೊಳ್ಳಿ. ಪುಡಿ ತುಂಬಿ, ಎರಡು ಸೆಂಟಿಮೀಟರ್ ಎತ್ತರದಿಂದ ಮೂರು ಸಲ ಕುಕ್ಕಬೇಕು. ಅಂಗಡಿಯವರು ಪಾವು ಕುಕ್ಕಿ ಅಕ್ಕಿ ಅಳೆದ ಹಾಗೆ. ಆಮೇಲೆ ಪ್ಲೇಟಿನ ಮೇಲೆ ಕವುಚಿ, ಅಚ್ಚು ತೆಗೆದು, ಬೆಂಕಿ. ಮೊದಲ 80 ಮಿಲಿಮೀಟರ್ ಸುಮ್ಮನೆ ನೋಡಬೇಕು. ಮುಂದಿನ 100 ಮಿಲಿಮೀಟರಿಗೆ ಸ್ಟಾಪ್‌ವಾಚ್ ಒತ್ತಬೇಕು. 45 ಸೆಕೆಂಡಿಗಿಂತ ಕಡಿಮೆ ಬಂದರೆ ಅದು 4.1.

ಅಳತೆಯ ಗೆರೆ ದಾಟಿದ ಮೇಲೆ, ಇನ್ನೊಂದು ಮೂರ್ನಾಲ್ಕು ಸೆಂಟಿಮೀಟರ್ ಆಚೆ, ಒಂದು ಮಿಲಿಲೀಟರ್ ನೀರನ್ನು ಹನಿ ಹನಿಯಾಗಿ ಮೊದಲೇ ಹಾಕಿರುತ್ತೇವೆ. ಆ ಒದ್ದೆ ಜಾಗ ಬೆಂಕಿಯನ್ನು ನಾಲ್ಕು ನಿಮಿಷವಾದರೂ ತಡೆದು ನಿಲ್ಲಿಸಿದರೆ ಅಪಾಯ ಒಂದು ಮೆಟ್ಟಿಲು ಕಡಿಮೆ. ಒದ್ದೆಯನ್ನೂ ದಾಟಿ ಹೋದರೆ ಒಂದು ಮೆಟ್ಟಿಲು ಜಾಸ್ತಿ.

ಹೀಗೆ ಆರು ಸಲ ಸುಡಬೇಕು, ಪ್ರತಿ ಸಲವೂ ತಣ್ಣಗಿನ, ಸ್ವಚ್ಛವಾದ ಪ್ಲೇಟಿನ ಮೇಲೆ. ನಡುವೆ ಒಂದು ಸಲ 45ರ ಒಳಗೆ ಬಂದರೂ ಸಾಕು, ಅಲ್ಲಿಗೆ ತೀರ್ಮಾನವಾದಂತೆ. ನಾನು ಹೇಳಬೇಕಿರೋದು ಈ 'ಒಂದು ಸಲ'ದ ಬಗ್ಗೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಬಣ್ಣ ತಯಾರಿಕೆಗೆ ಬಳಸುವ ಒಂದು ಹಳದಿ ಪುಡಿ ಬಂತು. ಕಳಿಸಿದ್ದು ನಮಗೆ ಮೇಲಿಂದ ಮೇಲೆ ಕೆಲಸ ಕೊಡುತ್ತಿದ್ದ ಗಿರಾಕಿ. ಮೊದಲ ಸಲ 51 ಸೆಕೆಂಡು. ಆಮೇಲೆ 49, 53, 50, 48. ಐದು ಸಲವೂ ಪಾಸು. ಆರನೆಯದು ಬರೀ ಶಾಸ್ತ್ರಕ್ಕೆ ಅಂದುಕೊಂಡು ಹಚ್ಚಿದೆ. 43 ಬಂತು. ಒದ್ದೆ ಜಾಗಕ್ಕೆ ಬಂದು ಬೆಂಕಿ ನಿಂತಿತು, ನಿಜ. ಆದರೆ 43.

ವಿಷಯ ತಿಳಿದ ಗಿರಾಕಿ ಕಡೆಯವರು ಫೋನ್ ಮಾಡಿದರು. ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ಸರಾಸರಿ ತಗೊಂಡ್ರೆ 49 ಬರತ್ತಲ್ವಾ?" ಲೆಕ್ಕ ಸರಿಯಾಗೇ ಇತ್ತು, ನಾನೂ ಮಾಡಿ ನೋಡಿದ್ದೆ. ನಮ್ಮ ಮ್ಯಾನೇಜರು "ಇನ್ನೊಂದ್ಸಲ ಮಾಡಿ ನೋಡಿ, ಏನೋ ಎಡವಟ್ಟಾಗಿರಬಹುದು" ಅಂದರು. ಹೀಗೇ ಬರೆಯಿರಿ ಅಂತ ಅವರು ಹೇಳಲಿಲ್ಲ. ಹಾಗೆ ಯಾರೂ ಹೇಳೋದಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಏಳನೇ ಸಲ ಸುಟ್ಟೆ. ಸರಿಯಾಗಿ 50.

ಇಲ್ಲಿ ನಾನು ಸತ್ಯಹರಿಶ್ಚಂದ್ರನ ಮೊಮ್ಮಗಳ ಥರ ನಡ್ಕೊಂಡೆ ಅಂತ ಬರೆಯೋಕೆ ಆಸೆ. ಆದರೆ ಅವತ್ತು ನಾನು ಪೆನ್ನು ಹಿಡಿದು ಅರ್ಧ ಗಂಟೆ ಕೂತಿದ್ದೆ. ಆರನೇ ಸಾಲಿನ ಮುಂದೆ 'ಪ್ಲೇಟು ಬಿಸಿಯಿತ್ತು' ಅಂತ ಎರಡು ಪದ ಬರೆದರೆ ಸಾಕಿತ್ತು. 43ರ ಮೇಲೆ ಒಂದು ಗೆರೆ, ಕೆಳಗೆ 50. ಯಾರೂ ಕೇಳುತ್ತಿರಲಿಲ್ಲ. ಆದರೆ ಪ್ಲೇಟು ತಣ್ಣಗಿತ್ತು. ಕೈಯಿಟ್ಟು ನೋಡಿದ್ದವಳು ನಾನೇ.

ಬರೆಯದೆ, ಹರಿಯದೆ ಮನೆಗೆ ಹೋದೆ. ಅಪ್ಪ ಊರಿಂದ ಬಂದಿದ್ದ. ಅಪ್ಪ 26 ವರ್ಷ ಲಾರಿ ಓಡಿಸಿದವನು, ಯಶವಂತಪುರದಲ್ಲಿ ಲೋಡು ಮಾಡಿಕೊಂಡು ಹುಬ್ಬಳ್ಳಿ, ಪುಣೆ ಕಡೆಗೆ. ಊಟಕ್ಕೆ ಕೂತಾಗ ಸುಮ್ಮನೆ ಕೇಳಿದೆ, "ಅಪ್ಪಾ, ನಿನ್ ಲಾರೀಲಿ ಏನಿದೆ ಅಂತ ನಿಂಗೆ ಗೊತ್ತಿರ್ತಿತ್ತಾ?"

"ನಂಗೆಲ್ ಗೊತ್ತಾಯ್ತದವ್ವ? ಬಿಲ್ಲಲ್ಲಿ ಪೌಡ್ರು ಅಂದಿದ್ರೆ ಪೌಡ್ರು. ಕಟ್ಟು ಹಗ್ಗ, ಹೊಡಿ ಗಾಡಿ."

"ಬೆಂಕಿ ಚಿತ್ರ ಇರೋ ಲೋಡು?"

"ಅದ್ನ ನಮ್ಗೆಲ್ಲ ಕೊಡ್ತಿರ್ಲಿಲ್ಲ. ಅದ್ಕೆ ಟ್ರೈನಿಂಗ್ ಆಗಿರ್ಬೇಕು, ಇಂಗ್ಲಿಷ್ ಬರ್ಬೇಕು. ಅಂಥ ಗಾಡಿ ಪಕ್ಕದಲ್ಲಿ ನಿಂತಿದ್ರೆ ನಾವು ಸ್ಟೌ ಎತ್ಕಂಡು ಆಚೆಗ್ ಹೋಗಿ ಅನ್ನಕ್ಕಿಡ್ತಿದ್ವಿ. ಇಲ್ದಿದ್ರೆ ಲಾರಿ ಮಗ್ಗುಲಲ್ಲೇ."

ಅಪ್ಪ ಹೇಳಿದ್ದು ಸರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಲೈಸೆನ್ಸಿನ ಜೊತೆಗೆ ವಿಶೇಷ ತರಬೇತಿ ಬೇಕು, ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು. ಆ ಚಿತ್ರವಿಲ್ಲದ ಲೋಡನ್ನು ಮಾತ್ರ ಯಾರು ಬೇಕಾದರೂ ಒಯ್ಯಬಹುದು. ಅಂದರೆ ನನ್ನಪ್ಪನಂಥವನು, ಹತ್ತಿ ಬೇಲಿನ ಪಕ್ಕದಲ್ಲಿಟ್ಟುಕೊಂಡು, ಮಗ್ಗುಲಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿಕೊಂಡು. 26 ವರ್ಷ ಅಪ್ಪ ಒಯ್ದ ಪುಡಿಗಳೆಲ್ಲ 'ಮಾಮೂಲಿ' ಅಂತ ಎಲ್ಲೋ ಒಂದು ಟೇಬಲ್ಲಿನ ಮುಂದೆ ಕೂತು ಬರೆದವರಿದ್ದಾರೆ. ಅವರ ಮುಂದೆಯೂ ಯಾವತ್ತಾದರೂ ಒಂದು 43 ಬಂದಿತ್ತಾ? ಬಂದಾಗ ಅವರೇನು ಮಾಡಿದರು?

ಸರಾಸರಿಯಲ್ಲೇ ಬೆಳೆದವರು ನಾವು. ಸಿಜಿಪಿಎ, ಹೋಟೆಲಿನ 4.2 ಸ್ಟಾರು, ಅಪ್ರೈಸಲ್ಲಿನ ರೇಟಿಂಗು. ಒಂದು ಕೆಟ್ಟ ದಿನವನ್ನು ಐದು ಒಳ್ಳೆಯ ದಿನಗಳಲ್ಲಿ ಕಲಸಿಬಿಡೋದು ನಮಗೆ ಚೆನ್ನಾಗಿ ಗೊತ್ತು. ಬದುಕೋಕೆ ಅದು ಬೇಕು ಕೂಡ. ಆದರೆ ಲಾರಿಯಲ್ಲಿ ಸರಾಸರಿ ಚೀಲ ಅಂತ ಒಂದಿರೋದಿಲ್ಲ. ಹೊತ್ತಿಕೊಳ್ಳೋದು ಒಂದು ಚೀಲ, ಒಂದು ಸಲ. ಒಂದೇ ಸಾಕು ಅಂತ ನಿಯಮ ಹೇಳುವುದು ಅದಕ್ಕೇ ಇರಬೇಕು. 43 ಅನ್ನೋದು ಎಡವಟ್ಟಲ್ಲ. ಆ ಪುಡಿ ಹಾಗೂ ಉರಿಯಬಲ್ಲದು ಅಂತ ಆರನೇ ಸಲಕ್ಕೆ ಬಾಯಿಬಿಟ್ಟು ಹೇಳಿತ್ತು, ಅಷ್ಟೇ.

ಮರುದಿನ ರಿಪೋರ್ಟಿನಲ್ಲಿ ಆರೂ ಅಂಕಿ ಬರೆದೆ. ಏಳನೆಯದನ್ನೂ ಬರೆದೆ, ಯಾಕೆ ಮಾಡಿದೆ ಅನ್ನೋದನ್ನೂ ಸೇರಿಸಿ. ವರ್ಗ 4.1. ನೀರಿಗೆ ನಿಂತಿದ್ದರಿಂದ ಪ್ಯಾಕಿಂಗ್ ಗುಂಪು 3. ಮ್ಯಾನೇಜರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಸಹಿ ಮಾಡಿದರು. ಅದಕ್ಕೂ ಧೈರ್ಯ ಬೇಕಿತ್ತು ಅನ್ನೋದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಗಿರಾಕಿ ಆಮೇಲೆ ನಮಗೆ ಕೆಲಸ ಕೊಡಲಿಲ್ಲ. ಆ ವರ್ಷ ನನ್ನ ಇನ್‌ಕ್ರಿಮೆಂಟು ಸರಾಸರಿಗಿಂತ ಕಮ್ಮಿ ಇತ್ತು.

ಆ ಹಳದಿ ಪುಡಿಯಿಂದ ಎಲ್ಲಾದರೂ ಬೆಂಕಿ ಬಿದ್ದ ಸುದ್ದಿ ನನಗಂತೂ ಬಂದಿಲ್ಲ. ಬರದೇ ಇರೋದೇ ಈ ಕೆಲಸದ ಫಲ. ಅದನ್ನು ಬರೆಯೋಕೆ ಅಪ್ರೈಸಲ್ ಫಾರ್ಮಿನಲ್ಲಿ ಜಾಗವಿಲ್ಲ.

ಈಗ ಹೆದ್ದಾರಿಯಲ್ಲಿ ಹೋಗುವಾಗ ಲಾರಿಗಳ ಹಿಂಭಾಗ ನೋಡೋದು ಅಭ್ಯಾಸವಾಗಿಬಿಟ್ಟಿದೆ. ಪಟ್ಟೆ ಲೇಬಲ್ಲಿನ ಲಾರಿ ಕಂಡರೆ ಏನೋ ನೆಮ್ಮದಿ. ಮನೆಯವರು ಓವರ್‌ಟೇಕ್ ಮಾಡುತ್ತಾ "ಏನ್ ಅಷ್ಟೊಂದು ನೋಡ್ತೀಯಾ?" ಅನ್ನುತ್ತಾರೆ. ಹೌದು, ಆಮೇಲೊಂದು ಸಂಬಂಧ ಕುದುರಿತು. ಅವರಿಗೂ "ಬೆಂಕಿ ಹಚ್ತೀನಿ" ಅಂತಲೇ ಹೇಳಿದ್ದೆ. "ಎಷ್ಟು ಸಲ?" ಅಂತ ಕೇಳಿದ್ದರು.

"ಆರು ಸಲ," ಅಂದಿದ್ದೆ.