ಮೇ ತಿಂಗಳ ರಾಜಬೀದಿ

ಆರ್ಜೆಂಟೀನಾ ದೇಶದ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದ ಹೆಸರು ನಮ್ಮಲ್ಲಿ ಓದುಬಲ್ಲವರಿಗೆ ತೀರ ಅಪರಿಚಿತವಾದುದಲ್ಲ. 1924ರಲ್ಲಿ ರವೀಂದ್ರರು ದೇಹಾಲಸ್ಯದಿಂದ ಅಲ್ಲಿ ಇಳಿದು, ವಿಕ್ಟೋರಿಯಾ ಒಕಾಂಪೊ ಎಂಬ ವಿದುಷಿಯ ಆತಿಥ್ಯದಲ್ಲಿ ಕೆಲವು ವಾರಗಳನ್ನು ಕಳೆದುದನ್ನೂ, ಆಕೆಗೆ ‘ವಿಜಯಾ’ ಎಂದು ಹೆಸರಿಟ್ಟು ‘ಪೂರಬಿ’ ಎಂಬ ಕವನಸಂಗ್ರಹವನ್ನು ಅರ್ಪಿಸಿದುದನ್ನೂ ಅನೇಕರು ಬಲ್ಲರು. ನನಗೆ ಆ ನಗರವನ್ನು ನೋಡುವ ಯೋಗ ಬಂದುದು 2023ನೆಯ ಇಸವಿಯ ನವೆಂಬರಿನಲ್ಲಿ. ಅಳಿಯನ ಉದ್ಯೋಗದ ನಿಮಿತ್ತ ಮಗಳು ಅಲ್ಲಿ ನೆಲಸಿದ್ದಳು. ಒಂದು ತಿಂಗಳು ಅವರ ಮನೆಯಲ್ಲಿದ್ದೆನು. ಕಂಡುದೆಲ್ಲವನ್ನೂ ಬರೆಯುವ ಶಕ್ತಿ ನನಗಿಲ್ಲ. ಒಂದೇ ಒಂದು ಬೀದಿಯ ವಿಷಯವನ್ನು ವಾಚಕರ ಮುಂದೆ ಇಡುವೆನು.

ಆ ಬೀದಿಯ ಹೆಸರು ಅವೆನಿದಾ ದೆ ಮಾಯೊ, ಎಂದರೆ ಮೇ ತಿಂಗಳ ರಾಜಬೀದಿ. 1810ನೆಯ ಮೇ 25ರಂದು ಆ ಊರಿನವರು ಸ್ಪೇನಿನ ವೈಸರಾಯನ್ನು ಅಧಿಕಾರದಿಂದ ಇಳಿಸಿ ತಮ್ಮದೇ ಮಂಡಲಿಯೊಂದನ್ನು ಏರ್ಪಡಿಸಿಕೊಂಡರು. ಅದರ ಸ್ಮರಣಾರ್ಥವಾಗಿ ಈ ಹೆಸರು. ಬೀದಿಯ ಪೂರ್ವದ ತುದಿಯಲ್ಲಿ ಅಧ್ಯಕ್ಷರ ಗುಲಾಬಿ ಬಣ್ಣದ ಸೌಧವಿರುವ ಪ್ಲಾಸಾ ದೆ ಮಾಯೊ ಎಂಬ ಚೌಕ. ಪಶ್ಚಿಮದ ತುದಿಯಲ್ಲಿ ಶಾಸನಸಭೆಯ ಚೌಕ. ಆಳುವವನು ಒಂದು ಕಡೆ, ಆತನಿಗೆ ಕಟ್ಟಳೆ ಮಾಡುವವರು ಇನ್ನೊಂದು ಕಡೆ; ನಡುವೆ ಪ್ರಜೆಗಳು ನಡೆದಾಡುವ ದಾರಿ. ಅಗಲ ಸುಮಾರು 30 ಮೀಟರು. ಎರಡು ಪಕ್ಕದಲ್ಲಿಯೂ ವಿಶಾಲವಾದ ಕಾಲುದಾರಿಗಳು, ಅವುಗಳ ಉದ್ದಕ್ಕೂ ‘ಪ್ಲಾತಾನೊ’ ಎಂಬ ಸಾಲುಮರಗಳು. ಹೆಸರನ್ನು ಕೇಳಿ ಬಾಳೆಯ ಗಿಡವನ್ನು ಹುಡುಕಬಾರದು. ಇದು ತೊಗಟೆ ಸುಲಿಯುವ ದೊಡ್ಡ ನೆರಳಿನ ಮರ.

ಅರ್ಥಶಾಸ್ತ್ರದಲ್ಲಿ ದುರ್ಗನಿವೇಶವನ್ನು ಹೇಳುವಾಗ ಕೌಟಿಲ್ಯನು ಪೂರ್ವಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳಿರಬೇಕೆಂದು ವಿಧಿಸುತ್ತಾನೆ. ಅವುಗಳ ಅಗಲ ನಾಲ್ಕು ದಂಡವೋ ಎಂಟು ದಂಡವೋ ಎಂಬಲ್ಲಿ ಸೂತ್ರವನ್ನು ಬಿಡಿಸುವ ಕ್ರಮದಿಂದ ಅರ್ಥಭೇದ ಹುಟ್ಟುತ್ತದೆ. ಎಂಟೇ ಎಂದಿಟ್ಟುಕೊಂಡರೂ ಈ ಬೀದಿಯ ಅರ್ಧದಷ್ಟಾಗುತ್ತದೆ. ಪಾಠಶಾಲೆಯಲ್ಲಿ ಆ ಅಧ್ಯಾಯವನ್ನು ಓದುವಾಗ ನಮ್ಮಲ್ಲಿ ಯಾರಿಗೂ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಬಯಲಿನಲ್ಲಿ ಊರನ್ನು ಕಟ್ಟುವವನು ಬೀದಿಯನ್ನು ಇಷ್ಟಬಂದ ಅಗಲಕ್ಕೆ ಬಿಡಬಹುದು. ಊರು ಮೊದಲೇ ಇದ್ದು ಬೀದಿ ಆಮೇಲೆ ಬರಬೇಕಾದರೆ ಏನು ಮಾಡುವುದು?

ಬ್ಯೂನಸ್ ಐರಿಸಿನವರು ಮಾಡಿದುದು ಇಷ್ಟು. ತೊರ್ಕ್ವಾತೊ ದೆ ಆಲ್ವೆಯಾರ್ ಎಂಬವನು ಆಗ ನಗರದ ಆಡಳಿತಾಧಿಕಾರಿ. ಪ್ಯಾರಿಸಿನಂತಹ ಬೀದಿಯೊಂದು ತನ್ನ ಊರಿನಲ್ಲಿರಬೇಕೆಂದು ಆತನ ಹಂಬಲ. 1884ರಲ್ಲಿ ಅದಕ್ಕೆ ಶಾಸನವಾಯಿತು. ಇದ್ದ ಬೀದಿಯನ್ನು ಅಗಲಮಾಡಲಿಲ್ಲ. ಎರಡು ಹಳೆಯ ಬೀದಿಗಳ ನಡುವಣ ಮನೆಗಳ ಸಾಲನ್ನೇ, ಹಲಸಿನ ಹಣ್ಣನ್ನು ಸೀಳುವಂತೆ, ಮಧ್ಯದಲ್ಲಿ ಸೀಳಿದರು. ಮನೆಗಳ ಒಡೆಯರು ನ್ಯಾಯಸ್ಥಾನಕ್ಕೆ ಹೋದರು. ಇಸಬೆಲ್ ಆರ್ಮ್‌ಸ್ಟ್ರಾಂಗ್ ದೆ ಎಲೋರ್ತೊಂದೊ ಎಂಬ ಗೃಹಿಣಿಯ ವ್ಯವಹಾರವು ಪರಮೋಚ್ಚ ನ್ಯಾಯಾಲಯದವರೆಗೂ ಏರಿತು. ಬೀದಿಗೆ ಬೇಕಾದಷ್ಟು ನೆಲವನ್ನು ತೆಗೆದುಕೊಳ್ಳಬಹುದೇ ಹೊರತು, ಉಳಿದ ನಿವೇಶನವನ್ನು ಕೂಡ ಸೆಳೆದುಕೊಳ್ಳುವ ಅಧಿಕಾರ ನಗರಸಭೆಗಿಲ್ಲವೆಂದು 1888ರಲ್ಲಿ ತೀರ್ಪಾಯಿತು. ಆ ದೇಶದಲ್ಲಿ ಕಾನೂನನ್ನು ಓದುವವರು ಇಂದಿಗೂ ಆ ತೀರ್ಪನ್ನು ಓದುತ್ತಾರೆ. ಬೀದಿ ತೆರೆದುದು 1894ರ ಜುಲೈ 9ರಂದು. ಅಷ್ಟರಲ್ಲಿ ಆಲ್ವೆಯಾರ್ ತೀರಿಕೊಂಡು ಮೂರು ವರುಷಗಳ ಮೇಲಾಗಿದ್ದುವು.

ನಾವು ನಡೆಯಲಾರಂಭಿಸಿದುದು ಶಾಸನಸಭೆಯ ಕಡೆಯಿಂದ, ಒಂದು ಗುರುವಾರ ಮಧ್ಯಾಹ್ನ. ಹಸುರುಗುಮ್ಮಟದ ಆ ಸಭಾಭವನ 1906ರಲ್ಲಿ ತೆರೆಯಿತು. ಅದರ ಶಿಲ್ಪಿಯಾದ ವಿತ್ತೋರಿಯೊ ಮೆಯಾನೊ ಅದಕ್ಕೆ ಎರಡು ವರುಷ ಮೊದಲೇ ಕೊಲೆಯಾಗಿದ್ದನು. ಅಲ್ಲಿ ನಿಂತು ನಾನು ದಿಕ್ಕು ತಪ್ಪಿದವನಂತೆ ಸುತ್ತ ನೋಡಿದೆನು. ಆ ಭೂಭಾಗದಲ್ಲಿ ಮಧ್ಯಾಹ್ನದ ಸೂರ್ಯನು ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಮ್ಮ ಕಾರ್ತಿಕದಲ್ಲಿ ಅವರಿಗೆ ವಸಂತ. ರಾತ್ರಿಯ ಆಕಾಶದಲ್ಲಿ ಅಗಸ್ತ್ಯನು ಮೇಲೇರಿ ಬೆಳಗುತ್ತಾನೆ. ಧ್ರುವನು ಎಂದೆಂದಿಗೂ ಕಾಣಿಸನು. ಅರುವತ್ತು ವರುಷ ದಾಟಿದ ಮೇಲೆ ಸಂಧ್ಯಾವಂದನೆಗೆ ದಿಕ್ಕನ್ನು ಮೊಮ್ಮಗುವಿನ ಆಟಿಕೆಯ ಸೂಜಿಗಲ್ಲನ್ನು ನೋಡಿ ಗೊತ್ತುಮಾಡಿಕೊಳ್ಳಬೇಕಾಯಿತು.

ಬೀದಿಯ ಮನೆಗಳನ್ನೆಲ್ಲ ವರ್ಣಿಸುವುದು ನಿರರ್ಥಕ. ಒಂದನ್ನು ಮಾತ್ರ ಬಿಡಲಾರೆನು. ಲೂಯಿಸ್ ಬರೋಲೊ ಎಂಬ ಬಟ್ಟೆಯ ವ್ಯಾಪಾರಿ ಮಾರಿಯೊ ಪಲಾಂತಿ ಎಂಬ ಇಟಲಿಯ ಶಿಲ್ಪಿಯಿಂದ ಕಟ್ಟಿಸಿದ ಬರೋಲೊ ಸೌಧವು 1923ರಲ್ಲಿ ಪೂರ್ಣವಾಯಿತು. ಎತ್ತರ ನೂರು ಮೀಟರು, ಅಂತಸ್ತುಗಳು ಇಪ್ಪತ್ತೆರಡು. ಇದನ್ನು ದಾಂತೆ ಮಹಾಕವಿಯ ಕಾವ್ಯದ ಅನುಸಾರವಾಗಿ ಯೋಜಿಸಿದ್ದಾರೆ: ಕೆಳಗೆ ನರಕ, ನಡುವೆ ಪಾಪಗಳು ತೊಳೆದುಹೋಗುವ ಲೋಕ, ಮೇಲೆ ಸ್ವರ್ಗ, ನೆತ್ತಿಯಲ್ಲಿ ದೀಪಸ್ತಂಭ. ಮೂರು ಲೋಕಗಳಲ್ಲಿಯೂ ಕಚೇರಿಗಳು. ಮೂರಕ್ಕೂ ಬಾಡಿಗೆ ಸಲ್ಲುತ್ತದೆ. ನೆಲದಂತಸ್ತಿನ ಕಮಾನುಗಳಲ್ಲಿ ಲ್ಯಾಟಿನ್ ವಾಕ್ಯಗಳನ್ನು ಕೆತ್ತಿದ್ದಾರೆ. ಸಂಸ್ಕೃತಕ್ಕೆ ದಾಯಾದಿಯಾದ ಭಾಷೆಯೆಂಬ ಸಲಿಗೆಯಿಂದ ನಾನು ಅವನ್ನು ಬಿಡಿಸಲು ಪ್ರಯತ್ನಿಸುತ್ತ ನಿಂತಿದ್ದುದರಿಂದ, ನಮ್ಮನ್ನು ಮೇಲಕ್ಕೆ ಕರೆದೊಯ್ಯಬೇಕಾದ ಹುಡುಗನು ಎರಡು ಬಾರಿ ಬಂದು ಕರೆಯಬೇಕಾಯಿತು. ಬರೋಲೊ ತನ್ನ ಸ್ವರ್ಗವನ್ನು ಕಾಣಲಿಲ್ಲ. ಸೌಧ ತೆರೆಯುವುದಕ್ಕೆ ಒಂದು ವರುಷ ಮೊದಲೇ ತೀರಿಕೊಂಡನು.

ಮುಂದೆ ಈ ಬೀದಿಯನ್ನು ಮತ್ತೊಂದು ಮಹಾಮಾರ್ಗವು ಅಡ್ಡಲಾಗಿ ಕತ್ತರಿಸುತ್ತದೆ. ಅದು ಜುಲೈ 9ರ ಬೀದಿ, 140 ಮೀಟರು ಅಗಲದ್ದು. ಇದರ ಮೊದಲ ಭಾಗ ತೆರೆದುದು 1937ರಲ್ಲಿ. ಉತ್ತರಕ್ಕೆ ತಿರುಗಿದರೆ 1936ರಲ್ಲಿ ನಿಲ್ಲಿಸಿದ 67 ಮೀಟರಿನ ಸ್ತಂಭ ಕಾಣುತ್ತದೆ. ಅದಿರುವ ಜಾಗದಲ್ಲಿ ಮೊದಲು ಒಂದು ಹಳೆಯ ಇಗರ್ಜಿಯಿದ್ದಿತಂತೆ. 1812ರಲ್ಲಿ ಆ ನಗರದಲ್ಲಿ ಅವರ ಧ್ವಜವು ಮೊದಲು ಹಾರಿದುದು ಆ ಇಗರ್ಜಿಯ ಮೇಲೆ. ಅದನ್ನೂ ಕೆಡವಿದರು. ಪ್ರಪಂಚದಲ್ಲಿಯೇ ಅತ್ಯಂತ ಅಗಲವಾದ ಬೀದಿಯೆಂದು ಊರವರು ಹೆಮ್ಮೆಪಡುತ್ತಾರೆ. ನನಗೆ ಅದು ಬೀದಿಯೆನಿಸಲಿಲ್ಲ, ನೀರಿಲ್ಲದ ಹೊಳೆಯೆನಿಸಿತು. ಬೀದಿಯೆಂದ ಮೇಲೆ ಆಚೆಯ ದಡದ ಮನುಷ್ಯನ ಮುಖ ಕಾಣಬೇಕು. ಆದರೆ ಅಲ್ಲಿ ಹಕರಾಂದಾ ಮರಗಳು ಹೂಬಿಟ್ಟಿದ್ದುವು. ಬೆಂಗಳೂರಿನಲ್ಲಿ ಮಾಘ ಫಾಲ್ಗುಣಗಳಲ್ಲಿ ಕೆನ್ನೀಲಿಯ ಹೂಗಳನ್ನು ಸುರಿಸುವ ಜಕರಂದವೇ ಅದು. ಅದರ ತೌರುಮನೆ ಈ ಖಂಡ. ಆ ಒಂದು ಬಣ್ಣಕ್ಕಾಗಿ ಹೊಳೆಯನ್ನು ದಾಟುವಷ್ಟೂ ಹೊತ್ತು ಬೇಸರವಾಗಲಿಲ್ಲ.

ದಾಟಿದ ಮೇಲೆ ಸಿಕ್ಕುವುದು ತೊರ್ತೊನಿ ಎಂಬ ಕಾಫಿಮನೆ, 1858ರಲ್ಲಿ ಸ್ಥಾಪನೆಯಾದುದು. ಮಹಾಲೇಖಕ ಬೊರ್ಹೆಸ್, ಹಾಡುಗಾರ ಗಾರ್ದೆಲ್ ಮೊದಲಾದವರೆಲ್ಲ ಕುಳಿತು ಹೋದ ಜಾಗ. ಇದರ ಹಳೆಯ ಬಾಗಿಲು ಹಿಂದಣ ಬೀದಿಗಿದ್ದಿತು. ಹೊಸ ರಾಜಬೀದಿ ಬಂದ ಮೇಲೆ, 1898ರಲ್ಲಿ, ಹಿತ್ತಲಾಗಿದ್ದ ಕಡೆಯನ್ನೇ ಮುಂಬಾಗಿಲನ್ನಾಗಿ ಮಾಡಿಕೊಂಡಿತು. ಮಾಂಸವನ್ನೇ ಪ್ರಧಾನಾಹಾರವಾಗಿ ಉಳ್ಳ ಆ ದೇಶದಲ್ಲಿ ನನ್ನಂತಹವನಿಗೆ ಸಲ್ಲುವ ತಿಂಡಿ ಅಲ್ಲಿ ದೊರೆಯಿತು. ಚಕ್ಕುಲಿಯ ಒರಳಿನಲ್ಲಿ ಒತ್ತಿ ಉದ್ದಕ್ಕೆ ಬಿಟ್ಟಂತಿರುವ ಹಿಟ್ಟಿನ ಕಡ್ಡಿಗಳನ್ನು ಎಣ್ಣೆಯಲ್ಲಿ ಕರಿದು, ಗಟ್ಟಿಯಾದ ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ. ಚುರ್ರೊ ಎಂದು ಹೆಸರು. ಎರಡು ತಿಂದೆನು. ಮಗಳು “ಸಾಕು, ಅಪ್ಪಯ್ಯ” ಎಂದಳು.

ಈ ಬೀದಿಯ ಕೆಳಗೆ 1913ರ ಡಿಸೆಂಬರಿನಿಂದ ನೆಲದೊಳಗಿನ ರೈಲು ಓಡುತ್ತಿದೆ. ದಕ್ಷಿಣ ಅಮೆರಿಕದಲ್ಲೆಲ್ಲ ಅದೇ ಮೊದಲನೆಯದು. ಬೆಲ್ಜಿಯಮ್ಮಿನಿಂದ ತಂದ ಮರದ ಗಾಡಿಗಳು ನೂರು ವರುಷ ದುಡಿದು 2013ರಲ್ಲಿ ನಿವೃತ್ತಿ ಹೊಂದಿದುವು.

ಬೀದಿ ಮುಗಿದು ಚೌಕ ಆರಂಭವಾಗುವಲ್ಲಿ ಕಬಿಲ್ದೊ, ಎಂದರೆ ಸ್ಪೇನಿನವರ ಕಾಲದ ಪುರಸಭಾಭವನವಿದೆ. 1810ರ ಮೇ ತಿಂಗಳಲ್ಲಿ ಊರ ಹಿರಿಯರು ಕೂಡಿ ತೀರ್ಮಾನಮಾಡಿದುದು ಈ ಮನೆಯಲ್ಲಿ. ಆಗ ಇದರ ಮುಂದುಗಡೆಗೆ ಹನ್ನೊಂದು ಕಮಾನುಗಳಿದ್ದುವು. ಮೇ ತಿಂಗಳ ಹೆಸರಿನ ಬೀದಿಗೆ ಎಡೆ ಮಾಡುವುದಕ್ಕಾಗಿ 1889ರಲ್ಲಿ ಉತ್ತರದ ಮೂರು ಕಮಾನುಗಳನ್ನು ಕೆಡವಿದರು, ಗೋಪುರವೂ ಹೋಯಿತು. 1931ರಲ್ಲಿ ಇನ್ನೊಂದು ಬೀದಿಗಾಗಿ ದಕ್ಷಿಣದ ಮೂರು ಹೋದುವು. ಉಳಿದುವು ಐದು. 1940ರಲ್ಲಿ ಮಾರಿಯೊ ಬುಷಿಯಾತ್ಸೊ ಎಂಬ ಶಿಲ್ಪಿ ಹಳೆಯ ಚಿತ್ರಗಳನ್ನೂ ದಾಖಲೆಗಳನ್ನೂ ನೋಡಿ ಗೋಪುರವನ್ನು ಮತ್ತೆ ನಿಲ್ಲಿಸಿದನು. ಸ್ಮಾರಕಕ್ಕಾಗಿ ಸ್ಮರಣೀಯವಾದುದನ್ನೇ ಕೆಡವಿದುದು ನನಗೆ ಸೋಜಿಗವಾಗಿ ಕಂಡಿತು. ಆದರೆ ಆ ಊರಿನವರಿಗೆ ಅದನ್ನು ಹೇಳುವ ಹಕ್ಕು ಹಂಪೆಯ ಕಲ್ಲುಗಳನ್ನು ಹೊಲದ ಬದುವಿಗೆ ಹೊತ್ತವರ ಕಡೆಯವನಾದ ನನಗೆ ಎಷ್ಟುಮಾತ್ರ ಉಂಟು!

ನಾವು ಚೌಕವನ್ನು ಸೇರಿದಾಗ ಮೂರೂವರೆ ಗಂಟೆ. ನಡುವೆ 1811ರಲ್ಲಿ ಎತ್ತಿಸಿದ ಬಿಳಿಯ ಸ್ತೂಪವೊಂದಿದೆ. ಅದರ ಸುತ್ತಲೂ ನೆಲದ ಮೇಲೆ ಬಿಳಿಯ ತಲೆವಸ್ತ್ರಗಳ ಚಿತ್ರಗಳು. ತಲೆಗೆ ಅಂತಹುದೇ ಬಿಳಿಯ ವಸ್ತ್ರವನ್ನು ಕಟ್ಟಿದ ಕೆಲವರು ವೃದ್ಧೆಯರು, ಹಿಂದೆ ಒಂದಿಷ್ಟು ಜನರು, ಮೆಲ್ಲನೆ ಸುತ್ತುಬರುತ್ತಿದ್ದರು.

1976ರ ಮಾರ್ಚಿನಿಂದ 1983ರವರೆಗೆ ಆ ದೇಶವನ್ನು ಸೇನಾನಿಗಳು ಆಳಿದರು. ಅವರ ಕಾಲದಲ್ಲಿ ಸಾವಿರಾರು ಜನರನ್ನು, ಬಹುಮಟ್ಟಿಗೆ ತರುಣರನ್ನು, ಮನೆಗಳಿಂದಲೂ ಬೀದಿಗಳಿಂದಲೂ ಎಳೆದೊಯ್ದರು; ಹೋದವರ ಸುದ್ದಿ ಬರಲಿಲ್ಲ. ಆಮೇಲೆ ನೇಮಿಸಿದ ವಿಚಾರಣಾಮಂಡಲಿ 1984ರಲ್ಲಿ 8,961 ಹೆಸರುಗಳನ್ನು ಲೆಕ್ಕಕ್ಕೆ ತಂದಿತು. ಮೂವತ್ತು ಸಾವಿರವೆಂಬುದು ತಾಯಂದಿರ ಮಾತು. 1977ರ ಏಪ್ರಿಲ್ 30ರಂದು ಹದಿನಾಲ್ಕು ಮಂದಿ ತಾಯಂದಿರು ಅಧ್ಯಕ್ಷರ ಸೌಧದ ಮುಂದೆ ಬಂದು ನಿಂತರು. ಗುಂಪಾಗಿ ನಿಲ್ಲಕೂಡದು, ನಡೆಯಿರಿ ಎಂದು ಪೋಲೀಸರು ಗದರಿಸಿದರು. ಅವರು ಇಬ್ಬಿಬ್ಬರಾಗಿ ಕೈಹಿಡಿದು ನಡೆದರು. ಸ್ತೂಪದ ಸುತ್ತಲೂ ನಡೆದರು. ಅಂದಿನಿಂದ ಆ ನಡಿಗೆ ನಿಂತಿಲ್ಲ. ತಲೆಯ ಬಿಳಿಯ ವಸ್ತ್ರ ಮೊದಲಿಗೆ ಮಕ್ಕಳಿಗೆ ಕಟ್ಟುವ ಅರಿವೆಯಂತೆ. ಅವರನ್ನು ಮೊದಲು ಕೂಡಿಸಿದ ಅಸುಸೇನಾ ವಿಲ್ಯಾಫ್ಲೋರ್ ಎಂಬಾಕೆಯನ್ನು ಅದೇ ವರುಷದ ಡಿಸೆಂಬರಿನಲ್ಲಿ ಎಳೆದೊಯ್ದರು. ಆಕೆಯ ಅಸ್ಥಿಗಳು ಗುರುತು ಸಿಕ್ಕಿದುದು 2005ರಲ್ಲಿ. ಬೂದಿಯನ್ನು ಆ ಸ್ತೂಪದ ಬುಡದಲ್ಲಿಯೇ ಇಟ್ಟಿದ್ದಾರೆ.

ನಾನು ಗಮನಿಸಿದುದು ಒಂದು. ಅವರು ಸುತ್ತುವುದು ಎಡಸುತ್ತು. ದೇವರಿಗೆ ಬಲಬರುತ್ತೇವೆ; ಪಿತೃಕಾರ್ಯದಲ್ಲಿ ಎಲ್ಲವೂ ಅಪಸವ್ಯ. ನನ್ನ ಮನಸ್ಸು ತಾನಾಗಿಯೇ ಅಲ್ಲಿಗೆ ಹೋಯಿತು. ಅದನ್ನು ಮಗಳಿಗೆ ಹೇಳಿದಾಗ ಅವಳು, “ಇವರು ತಮ್ಮ ಮಕ್ಕಳು ಸತ್ತರೆಂದು ಒಪ್ಪಿಲ್ಲ, ಅಪ್ಪಯ್ಯ. ‘ಜೀವದೊಡನೆ ಒಯ್ದಿರಿ, ಜೀವದೊಡನೆ ತನ್ನಿ’ ಎನ್ನುತ್ತಾರೆ” ಎಂದಳು.

ಇಲ್ಲಿ ನಾನು ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ನನ್ನ ಅಣ್ಣನು 1971ರ ವೈಶಾಖದಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮನೆಯಿಂದ ಹೊರಟುಹೋದನು. ಯಾರೂ ಬೈದಿರಲಿಲ್ಲ. ಎಲ್ಲಿಯೂ ಸಿಕ್ಕಲಿಲ್ಲ. ಅವನನ್ನು ಯಾವ ಸರಕಾರವೂ ಎಳೆದೊಯ್ಯಲಿಲ್ಲ. ಆ ತಾಯಂದಿರ ದುಃಖದೊಡನೆ ನಮ್ಮದನ್ನು ತೂಗುವ ಉದ್ದೇಶ ನನಗಿಲ್ಲ. ಸುದ್ದಿಯಿಲ್ಲದೆ ಹನ್ನೆರಡು ವರುಷ ಕಳೆದರೆ ಮೃತನೆಂದು ಭಾವಿಸಿ ಸಂಸ್ಕಾರ ಮಾಡತಕ್ಕದ್ದೆಂದು ಧರ್ಮಶಾಸ್ತ್ರ. 1983ರಲ್ಲಿ ತಂದೆಯವರು ಮುತ್ತುಗದ ಎಲೆಯ ತೊಟ್ಟುಗಳಿಂದ ಪ್ರತಿಕೃತಿಯನ್ನು ಮಾಡಿಸಿ ದಹಿಸಿದರು. ಪ್ರಯೋಗದ ಪುಸ್ತಕವನ್ನು ಹಿಡಿದು ಮಂತ್ರಗಳನ್ನು ನೋಡಿಕೊಡುತ್ತಿದ್ದವನು ನಾನು. ಅಮ್ಮ ಹೊರಗೆ ಬರಲಿಲ್ಲ. ಅಣ್ಣ ಹೋದ ದಿನದಿಂದ ಆಕೆ ರಾತ್ರಿ ತಲೆಬಾಗಿಲಿಗೆ ಅಗಳಿ ಹಾಕಗೊಡುತ್ತಿರಲಿಲ್ಲ. ಕರ್ಮಾಂತರವೂ ಮುಗಿದು ಶುದ್ಧವಾದ ರಾತ್ರಿ ತಂದೆಯವರು ತಾವೇ ಎದ್ದು ಅಗಳಿ ಹಾಕಿದರು. ಬೆಳಗ್ಗೆ ನೋಡಿದರೆ ತೆಗೆದಿತ್ತು. ಮತ್ತೆ ಅವರು ಹಾಕಲಿಲ್ಲ. ಆಕೆ ಇನ್ನೂ ಹದಿಮೂರು ವರುಷ ಬದುಕಿದ್ದಳು. ಶಾಸ್ತ್ರವು ಹನ್ನೆರಡು ವರುಷದ ಎಲ್ಲೆಯನ್ನು ಇಟ್ಟುದು ಉಳಿದವರ ಮೇಲಿನ ಕರುಣೆಯಿಂದ ಎಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ತಾಯಿಗೆ ಆ ಕರುಣೆ ಬೇಡವಾದರೆ, ಅವಳನ್ನು ಒಪ್ಪಿಸುವ ವಾಕ್ಯವೊಂದನ್ನು ನಾನು ಓದಿದ ಯಾವ ಗ್ರಂಥದಲ್ಲಿಯೂ ಕಾಣಲಿಲ್ಲ.

ಸುತ್ತುತ್ತಿದ್ದವರಲ್ಲಿ ಒಬ್ಬಾಕೆ ಹೆಸರುಗಳನ್ನು ಓದಲಾರಂಭಿಸಿದಳು. ಒಂದೊಂದು ಹೆಸರಿಗೂ ಜನರೆಲ್ಲರೂ ‘ಪ್ರೆಸೆಂತೆ’ ಎಂದು ಉತ್ತರ ಕೊಡುತ್ತಿದ್ದರು. ಇದನ್ನು ಯಾರೂ ನನಗೆ ಭಾಷಾಂತರಿಸಿ ಹೇಳಬೇಕಾಗಿರಲಿಲ್ಲ. ಮೂವತ್ತನಾಲ್ಕು ವರುಷ ದಿನಂಪ್ರತಿ ಹಾಜರಿ ಪುಸ್ತಕವನ್ನು ತೆರೆದು ಹೆಸರು ಕೂಗಿದವನು ನಾನು. ಹುಡುಗನು ಬಂದಿಲ್ಲದಾಗ ಸ್ನೇಹಿತನು ಅವನ ಪರವಾಗಿ ಉತ್ತರ ಕೊಟ್ಟರೆ ಗದರಿಸಿ ಕೂರಿಸುವುದು ನಮ್ಮ ಪದ್ಧತಿ. ಇಲ್ಲಿ ಒಂದು ಚೌಕದಷ್ಟು ಜನರು ಬಾರದವರ ಪರವಾಗಿ ಉತ್ತರ ಕೊಡುತ್ತಿದ್ದರು. ಪಟ್ಟಿ ಬೇಗನೆ ಮುಗಿಯುವಂತಿರಲಿಲ್ಲ. ನಾವೂ ಕೊನೆಯ ಸಾಲಿನಲ್ಲಿ ಸೇರಿಕೊಂಡು ಎರಡು ಸುತ್ತು ನಡೆದೆವು. ನನ್ನ ಜನಿವಾರ ಎಡಹೆಗಲಿನ ಮೇಲೆಯೇ ಇದ್ದಿತು.

ಗಾಳಿ ತಣ್ಣಗಾಯಿತು. ನೆಲದೊಳಗಿನ ರೈಲಿಗೆ ಮೆಟ್ಟಲಿಳಿಯುವಾಗ ಮಗಳು, “ಅಪ್ಪಯ್ಯ, ದೊಡ್ಡಪ್ಪನ ಹೆಸರೇನು?” ಎಂದು ಕೇಳಿದಳು. ನಮ್ಮ ಮನೆಯಲ್ಲಿ 1983ರಿಂದ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ಅವಳು ಕೇಳಿರುವುದಕ್ಕೆ ಕಾರಣವಿರಲಿಲ್ಲ. ಹೇಳಿದೆನು. ಗಾಡಿ ಬರುವ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೆಂದು ತೋರುತ್ತದೆ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆನು.