ಮುಸುರೆ ನೀರು ಕಲಿಸಿದ ವಿಜ್ಞಾನ

ಜಿಡ್ಡಿನ ಪಾತ್ರೆ ತೊಳೆದ ನೀರನ್ನು ಯಾರು ತಾನೆ ದಿಟ್ಟಿಸಿ ನೋಡುತ್ತಾರೆ? ಮುಸುರೆಯೆಂದು ಬಚ್ಚಲಿಗೆ ಚೆಲ್ಲುವವರೇ ಎಲ್ಲರೂ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ ಒಬ್ಬ ಹುಡುಗಿ ಮಾತ್ರ ಅದನ್ನು ಗಮನಿಸುತ್ತ ನಿಂತಳು. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಎಷ್ಟು ತೆಳುವಾಗಿದೆ? ಅದರಿಂದ ನೀರಿನ ಗುಣ ಹೇಗೆ ಬದಲಾಗುತ್ತದೆ? ಇವು ಅವಳ ಪ್ರಶ್ನೆಗಳು.

ಅವಳೇ 1862ರಲ್ಲಿ ಹುಟ್ಟಿದ ಆಗ್ನೆಸ್ ಪೊಕೆಲ್ಸ್. ಭೌತವಿಜ್ಞಾನವೆಂದರೆ ಅವಳಿಗೆ ಪ್ರಾಣ. ಆದರೆ ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಕಾಯಿಲೆಯ ತಂದೆತಾಯಿಯರ ಆರೈಕೆ, ಮನೆಗೆಲಸ ಎರಡೂ ಅವಳ ಪಾಲಿಗೆ ಬಂದವು. ಭೌತವಿಜ್ಞಾನ ಓದುತ್ತಿದ್ದ ತಮ್ಮ ಫ್ರೀಡ್ರಿಕ್ ಒದಗಿಸಿದ ಪುಸ್ತಕಗಳೇ ಅವಳ ಕಾಲೇಜು, ಅಡುಗೆಮನೆಯೇ ಪ್ರಯೋಗಶಾಲೆ.

ಉಪಕರಣವನ್ನು ಆಕೆ ತಾನೇ ರೂಪಿಸಿದಳು. 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರದ ಒಂದು ತಗಡಿನ ತೊಟ್ಟಿ. ಅದರಲ್ಲಿ ಅಂಚಿನವರೆಗೆ ನೀರು. ಅಡ್ಡಲಾಗಿ, ನೀರಿಗೆ ತಾಗುವಂತೆ ಇಟ್ಟ ಒಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದರೆ ಒಂದು ಬದಿಯ ಪೊರೆ ಇಕ್ಕಟ್ಟಾಗುತ್ತದೆ, ಇನ್ನೊಂದು ಬದಿಯದು ಹಿಗ್ಗುತ್ತದೆ. ನೀರಿಗೆ ತಾಗಿಸಿದ ಪುಟ್ಟ ಬಿಲ್ಲೆಯನ್ನು ಮೇಲೆತ್ತಲು ಎಷ್ಟು ಬಲ ಬೇಕೆಂದು ತಕ್ಕಡಿಯಿಂದ ಅಳೆದರೆ ನೀರಿನ ಮೇಲ್ಮೈ ಎಳೆತ ತಿಳಿಯುತ್ತದೆ. ಪೊರೆಯನ್ನು ಒತ್ತುತ್ತ ಹೋದಂತೆ ಮೊದಮೊದಲು ಈ ಎಳೆತ ಬದಲಾಗುವುದಿಲ್ಲ; ಒಂದು ಹಂತ ದಾಟಿದೊಡನೆ ತಟ್ಟನೆ ಇಳಿಯತೊಡಗುತ್ತದೆ. ಜಿಡ್ಡಿನ ಅಣುಗಳು ಒಂದಕ್ಕೊಂದು ಒತ್ತಿಕೊಂಡು ಸಾಲುಗಟ್ಟುವ ಹಂತವದು.

ಸುಮಾರು ಹತ್ತು ವರ್ಷ ಈ ಕೆಲಸ ಯಾರಿಗೂ ತಿಳಿಯಲಿಲ್ಲ. 1891ರ ಜನವರಿಯಲ್ಲಿ ಆಕೆ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಅವರಿಗೆ ಜರ್ಮನ್ ಭಾಷೆಯಲ್ಲೇ ಕಾಗದ ಬರೆದಳು. ಅವರು ಅದನ್ನು ಬದಿಗೆ ಸರಿಸಲಿಲ್ಲ. ಅನುವಾದ ಮಾಡಿಸಿ 'ನೇಚರ್' ಪತ್ರಿಕೆಗೆ ಕಳಿಸಿದರು. ಮಾರ್ಚ್ ತಿಂಗಳಲ್ಲೇ ಅದು ಅಚ್ಚಾಯಿತು.

ಮುಂದೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದೇ ಬಗೆಯ ತೊಟ್ಟಿಯನ್ನು ಸುಧಾರಿಸಿ ಬಳಸಿದರು. ಮೇಲ್ಮೈ ರಸಾಯನವಿಜ್ಞಾನದ ಸಂಶೋಧನೆಗಾಗಿ 1932ರಲ್ಲಿ ನೊಬೆಲ್ ಪಡೆದರು. ಅವರ ಸಹೋದ್ಯೋಗಿ ಕ್ಯಾಥರೀನ್ ಬ್ಲಾಜೆಟ್ ನೀರಿನ ಮೇಲಿನ ಪೊರೆಯನ್ನು ಗಾಜಿಗೇ ಹತ್ತಿಸಿದರು. ಗಾಜನ್ನು ಮುಳುಗಿಸಿ ಎತ್ತಿದಂತೆಲ್ಲ ಒಂದೊಂದು ಅಣುವಿನ ದಪ್ಪದ ಪದರ ಅಂಟುತ್ತಿತ್ತು. ಹೀಗೆ 44 ಪದರ ಸೇರಿದಾಗ, ಪೊರೆಯ ಮೇಲಿನಿಂದಲೂ ಕೆಳಗಿನಿಂದಲೂ ಮರಳುವ ಬೆಳಕು ಒಂದನ್ನೊಂದು ಅಳಿಸಿ, ಗಾಜಿನ ಪ್ರತಿಫಲನ ಬಹುಮಟ್ಟಿಗೆ ಮಾಯವಾಯಿತು. ಇದು 1938ರ ಮಾತು. ಇಂದು ಕನ್ನಡಕಕ್ಕೂ ಕ್ಯಾಮೆರಾ ಮಸೂರಕ್ಕೂ ಹಚ್ಚುವ ಲೇಪನದ ಹಿಂದಿರುವುದು ಇದೇ ತತ್ತ್ವ.

ಕಡಿಮೆ ಖರ್ಚಿನ ಈ ದಾರಿ ಇನ್ನೂ ಮುಚ್ಚಿಲ್ಲ. ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನಿನ ನಡುಭಾಗಕ್ಕೆ ಗಾಜಿನ ಚೂರು ಅಂಟಿಸಿ, ಮೇಲೆ ದ್ರಾವಣದ ಹನಿ ಬಿಟ್ಟು ಗಿರ‍್ರನೆ ತಿರುಗಿಸಿದರೆ ತೆಳುಲೇಪನದ ಯಂತ್ರ ಸಿದ್ಧ. ಅದೂ ಬೇಡವೆಂದರೆ ಒಂದು ತಟ್ಟೆ ನೀರು ಸಾಕು. ತಳದಲ್ಲಿ ಕಪ್ಪು ಕಾಗದ ಮುಳುಗಿಸಿಟ್ಟು, ಬಣ್ಣವಿಲ್ಲದ ನೈಲ್ ಪಾಲಿಶ್‌ನ ಒಂದೇ ಹನಿ ಬಿಡಿ. ಪೊರೆ ಹರಡಿದ ಮೇಲೆ ಕಾಗದವನ್ನು ಮೆಲ್ಲನೆ ಎತ್ತಿ ಒಣಗಿಸಿ. ನವಿಲಿನ ಕೊರಳಿನ ಬಣ್ಣಗಳು ಮೂಡುತ್ತವೆ. ಹನಿಯಲ್ಲಿ ಬಣ್ಣವಿರಲಿಲ್ಲ, ಪೊರೆಯ ದಪ್ಪ ಒಂದೊಂದು ಕಡೆ ಒಂದೊಂದು ತೆರನಾಗಿರುವುದೇ ಕಾರಣ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಶಾಲೆಯ ಪ್ರಯೋಗಶಾಲೆಯ ಬೀರುವಿಗೆ ಬೀಗ ಬಿದ್ದಿದೆಯೆಂದು ಕೊರಗುವ ವಿದ್ಯಾರ್ಥಿಗಳು ಆ ತಗಡಿನ ತೊಟ್ಟಿಯನ್ನೊಮ್ಮೆ ನೆನೆಯಬೇಕು. ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಾಗ ಆಕೆಗೆ ಎಪ್ಪತ್ತರ ವಯಸ್ಸು. ಎಲ್ಲರ ಪ್ರತಿಭೆಯೂ ಅಷ್ಟು ಕಾಲ ಕಾಯಲಾರದು. ಮಗಳು ಪಾತ್ರೆ ತೊಳೆಯುತ್ತ ನೀರನ್ನೇ ನೋಡುತ್ತ ನಿಂತರೆ ತಂದೆತಾಯಿಯರು ಗದರಿಸುವ ಮೊದಲು, ಏನು ಕಾಣಿಸಿತೆಂದು ಒಮ್ಮೆ ಕೇಳಿನೋಡಲಿ.