ಅಬು ಸಿಂಬೆಲ್: ದಡ ಹತ್ತಿದ ದೇವಾಲಯ, ಊರು ಬಿಟ್ಟ ಜನ

ಈಜಿಪ್ಟ್ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಪಿರಮಿಡ್, ಮಮ್ಮಿ ಮತ್ತು ಒಂಟೆ. ಕೈರೋದಲ್ಲಿ ಇಳಿದು, ಗೀಜಾ ನೋಡಿ, ಲಕ್ಸರ್‌ಗೆ ಹೋಗಿಬಂದರೆ ಪ್ರವಾಸ ಮುಗಿಯಿತು ಎನ್ನುವವರೇ ಹೆಚ್ಚು. ಇನ್ನೆರಡು ದಿನ ರಜೆ ಉಳಿದಿದ್ದರೆ ದಕ್ಷಿಣದ ಅಸ್ವಾನ್‌ಗೆ ಹೋಗಿ ಎಂಬುದು ನನ್ನ ಸಲಹೆ. ಅಲ್ಲಿಂದ ಮರುಭೂಮಿಯ ರಸ್ತೆಯಲ್ಲಿ ಸುಮಾರು 280 ಕಿಲೋಮೀಟರ್ ಸಾಗಿದರೆ, ಸುಡಾನ್ ಗಡಿಯ ಸಮೀಪ ಅಬು ಸಿಂಬೆಲ್ ಸಿಗುತ್ತದೆ.

ನಾವು ಮೂವರು, ನಾನು, ಮನೆಯವರು ಮತ್ತು ಒಂಬತ್ತು ವರ್ಷದ ಮಗಳು, ಕಳೆದ ಚಳಿಗಾಲದಲ್ಲಿ ಪುಣೆಯಿಂದ ಹೋಗಿದ್ದೆವು. ಬಿಸಿಲೇರುವ ಮೊದಲು ತಲುಪಬೇಕೆಂದು ಬೆಳಗಿನ ಜಾವ ನಾಲ್ಕಕ್ಕೇ ಅಸ್ವಾನ್ ಬಿಟ್ಟೆವು. ದಾರಿಯುದ್ದಕ್ಕೂ ಮರಳು, ಕಪ್ಪು ಬಂಡೆ. ಮೂರೂವರೆ ಗಂಟೆಯ ನಂತರ ಒಮ್ಮೆಲೇ ಸಮುದ್ರದಂಥ ನೀಲಿ ನೀರು. ಅದೇ ನಾಸರ್ ಸರೋವರ. ಗುಡ್ಡ ಬಳಸಿ ನಡೆದರೆ ಎದುರಿಗೆ ಎರಡನೇ ರಾಮ್ಸೆಸ್‌ನ ನಾಲ್ಕು ಮೂರ್ತಿಗಳು, ಒಂದೊಂದೂ ಸುಮಾರು 20 ಮೀಟರ್ ಎತ್ತರ. ಎಡದಿಂದ ಎರಡನೆಯದರ ಮೇಲರ್ಧ ಪ್ರಾಚೀನ ಕಾಲದಲ್ಲೇ ಮುರಿದು ಬಿದ್ದಿದೆ. ತಲೆ ಇಂದಿಗೂ ಕಾಲ ಬುಡದಲ್ಲೇ ಇದೆ.

ಇದು ಮೂರು ಸಾವಿರ ವರ್ಷಗಳಿಗೂ ಹಿಂದೆ ಬೆಟ್ಟವನ್ನೇ ಕೊರೆದು ಮಾಡಿದ ಗುಡಿ. ಮರಳಿನಲ್ಲಿ ಹೂತುಹೋಗಿದ್ದ ಇದನ್ನು ಸ್ವಿಸ್ ಯಾತ್ರಿಕ ಬರ್ಕ್‌ಹಾರ್ಟ್ 1813ರಲ್ಲಿ ಕಂಡ. 1817ರಲ್ಲಿ ಬೆಲ್ಜೋನಿ ಮರಳು ತೆಗೆಸಿ ಒಳಹೊಕ್ಕ. ಒಳಗೋಡೆಗಳ ಮೇಲೆ ಹಿಟ್ಟೈಟರೊಡನೆ ನಡೆದ ಕಾದೇಶ್ ಯುದ್ಧದ ಚಿತ್ರಗಳಿವೆ. ಗರ್ಭಗುಡಿಯಲ್ಲಿ ನಾಲ್ವರು ದೇವರು ಸಾಲಾಗಿ ಕುಳಿತಿದ್ದಾರೆ, ಅವರಲ್ಲೊಬ್ಬ ಸ್ವತಃ ರಾಮ್ಸೆಸ್! ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಆಸುಪಾಸಿನಲ್ಲಿ ಉದಯಸೂರ್ಯನ ಕಿರಣ ಅರವತ್ತು ಮೀಟರ್ ಒಳಗೆ ಸಾಗಿ ಇವರ ಮೇಲೆ ಬೀಳುತ್ತದೆ. ಕತ್ತಲಿನೊಡನೆ ನಂಟಿರುವ ಪ್ತಾ ದೇವರು ಮಾತ್ರ ಆಗಲೂ ನೆರಳಿನಲ್ಲೇ ಉಳಿಯುತ್ತಾನೆ. ಪಕ್ಕದಲ್ಲೇ ರಾಣಿ ನೆಫರ್ತಾರಿಯ ಚಿಕ್ಕ ಗುಡಿ. ಈಜಿಪ್ಟಿನಲ್ಲಿ ರಾಣಿಯರನ್ನು ರಾಜನ ಮೊಣಕಾಲಿನಷ್ಟು ಎತ್ತರಕ್ಕೆ ಕಡೆಯುವುದೇ ರೂಢಿ. ಇಲ್ಲಿ ಮಾತ್ರ ಇಬ್ಬರೂ ಸರಿಸಮ ನಿಂತಿದ್ದಾರೆ.

ಇಷ್ಟೇ ಆಗಿದ್ದರೆ ಇದು ಇನ್ನೊಂದು ದೊಡ್ಡ ಗುಡಿ. ಆದರೆ ನಾವು ನಿಂತ ಜಾಗ ಗುಡಿಯ ಮೂಲ ಜಾಗವಲ್ಲ. ಅದು ಈಗ ನೀರಿನಡಿ ಇದೆ.

ನೈಲ್ ನದಿಗೆ ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟುವ ಕೆಲಸ 1960ರಲ್ಲಿ ಶುರುವಾಯಿತು. ಅದೇ ವರ್ಷ ಯುನೆಸ್ಕೋ ಜಗತ್ತಿನ ದೇಶಗಳಿಗೆ ನೆರವಿನ ಕರೆ ಕೊಟ್ಟಿತು. ನಮ್ಮವರೂ ಹೋಗಿದ್ದರು: ಬಿ. ಬಿ. ಲಾಲ್ ನೇತೃತ್ವದ ಭಾರತೀಯ ಪುರಾತತ್ವ ತಂಡ 1961-62ರಲ್ಲಿ ಮುಳುಗಡೆ ಪ್ರದೇಶದಲ್ಲಿ ಉತ್ಖನನ ನಡೆಸಿತು. 1964ರಿಂದ 1968ರವರೆಗೆ ಅಬು ಸಿಂಬೆಲ್‌ನ ಎರಡೂ ಗುಡಿಗಳನ್ನು ಗರಗಸದಿಂದ ಕೊಯ್ದು ಸಾವಿರಕ್ಕೂ ಹೆಚ್ಚು ತುಂಡು ಮಾಡಿದರು. ಒಂದೊಂದು ತುಂಡು 20-30 ಟನ್. ಅವನ್ನೆಲ್ಲ ಸುಮಾರು 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಸಾಗಿಸಿ ಜೋಡಿಸಿದರು. ಹಿಂದೆ ಕಾಣುವ ಗುಡ್ಡವೂ ಕೃತಕ, ಅದರೊಳಗೆ ಇರುವುದು ಕಾಂಕ್ರೀಟ್ ಗುಮ್ಮಟ.

ನಮ್ಮ ಐಟಿ ಕೆಲಸದಲ್ಲಿ ಹಳೇ ಸರ್ವರ್‌ನಿಂದ ಹೊಸದಕ್ಕೆ ಮೈಗ್ರೇಷನ್ ಇದ್ದರೆ ಶನಿವಾರ ರಾತ್ರಿಯೆಲ್ಲ ನಿದ್ದೆಗೆಡುತ್ತೇವೆ. ಇವರು ನಾಲ್ಕು ವರ್ಷ ಕಲ್ಲಿನಲ್ಲಿ ಅದನ್ನು ಮಾಡಿದರು. ಸೂರ್ಯಕಿರಣವೇ ಅವರ ಟೆಸ್ಟ್ ಕೇಸ್, ಅದು ಪಾಸಾಯಿತು. ಮುರಿದ ತಲೆಯನ್ನೂ ರಿಪೇರಿ ಮಾಡದೆ, ಇದ್ದಂತೆಯೇ ತಂದು ಇಟ್ಟರು.

ಆ ದಿನ ಸಂಜೆ ಅಸ್ವಾನ್‌ನಲ್ಲಿ ದೋಣಿ ಹತ್ತಿದೆವು. ಫೆಲೂಕಾ ಎಂದು ಕರೆಯುವ ಹಾಯಿದೋಣಿ. ದೋಣಿಯವರು ಅರವತ್ತು ದಾಟಿದ ನೂಬಿಯನ್ ಹಿರಿಯರು. ಭಾರತ ಎಂದಕೂಡಲೇ ಅಮಿತಾಭ್ ಬಚ್ಚನ್ ಹೆಸರು ಹೇಳಿ ನಕ್ಕರು. ಅಬು ಸಿಂಬೆಲ್ ನೋಡಿ ಬಂದೆವು ಎಂದಾಗ, "ಕಲ್ಲುಗಳನ್ನು ಒಂದೊಂದಾಗಿ ನಂಬರ್ ಹಾಕಿ ಎತ್ತಿದರು. ನಮ್ಮ ಮನೆಗಳಿಗೆ ಯಾರೂ ನಂಬರ್ ಹಾಕಲಿಲ್ಲ" ಎಂದರು, ಹರುಕುಮುರುಕು ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ.

ಅಣೆಕಟ್ಟಿಗಾಗಿ ಈಜಿಪ್ಟಿನ ಸುಮಾರು ಐವತ್ತು ಸಾವಿರ ನೂಬಿಯನ್ನರನ್ನು 1963-64ರಲ್ಲಿ ಕೋಮ್ ಓಂಬೋ ಪಟ್ಟಣದ ಸುತ್ತ ಹೊಸ ಊರುಗಳಿಗೆ ಸಾಗಿಸಲಾಯಿತು. ಸುಡಾನ್ ಭಾಗದಲ್ಲೂ ಸರಿಸುಮಾರು ಅಷ್ಟೇ ಜನ ಎದ್ದರು. ಹೊಸ ಊರುಗಳಿಗೆ ಹಳೇ ಹೆಸರುಗಳನ್ನೇ ಇಟ್ಟರು, ಆದರೆ ಮನೆಯ ಮುಂದೆ ಹರಿಯುತ್ತಿದ್ದ ನೈಲ್ ಅಲ್ಲಿಗೆ ಬರಲಿಲ್ಲ. ಈ ಸ್ಥಳಾಂತರಕ್ಕೆ ಅವರು 'ತಹ್ಜೀರ್' ಎನ್ನುತ್ತಾರೆ.

ನನಗೆ ಈ ಮಾತು ಹೊಸದಲ್ಲ. ನನ್ನ ಅವ್ವನ ತವರು ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಮನೆ ಹೋಗಿ, ಅಜ್ಜ ನವನಗರಕ್ಕೆ ಬಂದರು. ಪರಿಹಾರ ಬಂತು, ಸೈಟು ಬಂತು, ಅಗಲ ರಸ್ತೆ ಬಂತು. ಆದರೂ ಅಜ್ಜ ಕೊನೆಯವರೆಗೂ ಸೆಕ್ಟರ್ ನಂಬರನ್ನು ವಿಳಾಸವೆಂದು ಒಪ್ಪಲಿಲ್ಲ. ಅವರ ಓಣಿ, ಅವರ ಗುಡಿ, ಅವರ ಮಂದಿ, ಅದೇ ವಿಳಾಸ. ಅಣೆಕಟ್ಟು ಬೇಡವಿತ್ತು ಎಂದು ಹೇಳಲು ನನಗೆ ಬಾಯಿಲ್ಲ. ಆ ನೀರಿನಿಂದ ಎಷ್ಟು ಹೊಲ ಹಸಿರಾಗಿದೆ ಎಂಬುದನ್ನು ನೋಡಿದ್ದೇನೆ. ಅಸ್ವಾನ್ ಅಣೆಕಟ್ಟು ಕೂಡ ಈಜಿಪ್ಟಿಗೆ ವಿದ್ಯುತ್ ಕೊಟ್ಟಿದೆ, ಪ್ರವಾಹ ತಡೆದಿದೆ. ಲೆಕ್ಕದ ಇನ್ನೊಂದು ಬದಿಯನ್ನೂ ಓದಬೇಕು, ಅಷ್ಟೆ.

"ಮೊಮ್ಮಕ್ಕಳು ನಿಮ್ಮ ಭಾಷೆ ಮಾತಾಡುತ್ತಾರಾ?" ಎಂದು ಕೇಳಿದೆ. ನೂಬಿಯನ್ ಭಾಷೆಗೂ ಅರಬ್ಬಿಗೂ ಸಂಬಂಧವಿಲ್ಲ. "ತಿಳಿಯುತ್ತದೆ. ಉತ್ತರ ಮಾತ್ರ ಅರಬ್ಬಿಯಲ್ಲಿ" ಎಂದರು. ನಾನು ಮತ್ತು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಮಗಳು ಆಗಷ್ಟೇ ಕನ್ನಡದ ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಕೊಟ್ಟಿದ್ದಳು. ಅವರನ್ನು ಸರ್ಕಾರ ಎಬ್ಬಿಸಿತು, ನಾವು ಸಂಬಳಕ್ಕಾಗಿ ನಾವೇ ಎದ್ದು ಬಂದವರು. ಅವರ ಹಳೇ ಊರಿಗೆ ಬಸ್ಸಿಲ್ಲ, ನಮಗೆ ಪುಣೆಯಿಂದ ಬಾಗಲಕೋಟೆಗೆ ರಾತ್ರಿ ಬಸ್ಸಿದೆ.

ಹೋಗುವವರಿಗೆ ಒಂದೆರಡು ಮಾತು. ನವೆಂಬರ್‌ನಿಂದ ಫೆಬ್ರವರಿವರೆಗೆ ಹಿತವಾದ ಹವೆ. ಸಸ್ಯಾಹಾರಿಗಳು ಹೆದರಬೇಕಿಲ್ಲ: ಅನ್ನ, ಮ್ಯಾಕರೋನಿ, ಬೇಳೆ, ಹುರಿದ ಈರುಳ್ಳಿ ಬೆರೆಸಿದ ಕೊಶರಿ ಎಲ್ಲೆಡೆ ಸಿಗುತ್ತದೆ. ಕೆಂಪು ಪುಂಡಿ ಹೂವಿನಿಂದ ಮಾಡುವ ಹುಳಿ ಪಾನಕ 'ಕರ್ಕದೇ' ಬಿಡಬೇಡಿ, ಪುಂಡಿಪಲ್ಯ ತಿಂದು ಬೆಳೆದವರಿಗೆ ಆ ಹುಳಿ ಪರಿಚಿತ. ಇದೇ ರೀತಿ ಜಾಗ ಬದಲಿಸಿದ ಫಿಲೆ ದ್ವೀಪದ ಐಸಿಸ್ ಗುಡಿಯನ್ನೂ ನೋಡಿ. ಕೊನೆಯ ಅರ್ಧ ದಿನವನ್ನು 1997ರಲ್ಲಿ ತೆರೆದ ಅಸ್ವಾನ್‌ನ ನೂಬಿಯಾ ಮ್ಯೂಸಿಯಂಗೆ ಇಟ್ಟುಕೊಳ್ಳಿ, ಮುಳುಗಿದ ಊರುಗಳ ಮನೆ, ಮದುವೆ, ಶಾಲೆಗಳ ಬದುಕನ್ನು ಅಲ್ಲಿ ಮರುರೂಪಿಸಿದ್ದಾರೆ. ದೋಣಿ ಹತ್ತಿದರೆ, ದೋಣಿಯವರ ಹಳೇ ಊರಿನ ಹೆಸರು ಕೇಳಿ. ಬಾಡಿಗೆಯ ಚೌಕಾಸಿ ಅದಾದ ಮೇಲೆ ಮಾಡಿದರಾಯಿತು.